ಪುಸ್ತಕ ಇದೆ, ಮಗು ಇದೆ, ನಡುವೆ ಯಾರಿದ್ದಾರೆ?

ನಮ್ಮ ಬಹಳಷ್ಟು ಶಾಲೆಗಳಲ್ಲಿ ಮುಖ್ಯ ಶಿಕ್ಷಕರ ಕೊಠಡಿಯ ಗೋಡೆಗೆ ಒರಗಿಕೊಂಡು ಒಂದು ಕಬ್ಬಿಣದ ಬೀರು ಇರುತ್ತದೆ. ಒಳಗೆ ಕಥೆ ಪುಸ್ತಕಗಳಿರುತ್ತವೆ. ಕೆಲವು ಗ್ರಂಥಾಲಯ ಅನುದಾನದಲ್ಲಿ ಬಂದವು, ಕೆಲವು ಊರಿನ ಹಳೆಯ ವಿದ್ಯಾರ್ಥಿಗಳು ಕೊಟ್ಟವು, ಇನ್ನು ಕೆಲವು ಯಾವುದೋ ಸಂಘ ಸಂಸ್ಥೆಯವರು ತಂದಿಟ್ಟವು. ಬೀರುವಿಗೆ ಬೀಗ ಬಿದ್ದಿರುತ್ತದೆ. ಬೀಗ ಹಾಕಿದವರ ಮೇಲೆ ನನಗೆ ಸಿಟ್ಟಿಲ್ಲ. ದಾಸ್ತಾನು ವಹಿಯಲ್ಲಿ ಒಂದೊಂದು ಪುಸ್ತಕಕ್ಕೂ ನಂಬರು ಬಿದ್ದಿದೆ. ಹರಿದರೂ ಕಳೆದರೂ ಉತ್ತರ ಹೇಳಬೇಕಾದವರು ಅವರೇ. ವರ್ಗವಾಗಿ ಹೋಗುವಾಗ ಚಾರ್ಜು ವಹಿಸಿಕೊಡಬೇಕು, ಲೆಕ್ಕ ತಾಳೆಯಾಗಬೇಕು. ಮಕ್ಕಳ ಕೈಗೆ ಹೋಗಿ ಬಂದ ಪುಸ್ತಕದ ಮೂಲೆ ಮಡಚಿರುತ್ತದೆ, ಹೊಲಿಗೆ ಬಿಟ್ಟಿರುತ್ತದೆ. ಲೆಕ್ಕದ ವಹಿ ಅದನ್ನು ನಷ್ಟ ಎಂದು ಬರೆದುಕೊಳ್ಳುತ್ತದೆ.

ಈಗಿನ ಮಕ್ಕಳು ಓದುವುದಿಲ್ಲ ಎಂಬ ಮಾತು ಮನೆಮನೆಯಲ್ಲಿ ಕೇಳುತ್ತದೆ. ಮೊಬೈಲಿನ ಕಡೆ ಕೈ ತೋರಿಸುತ್ತೇವೆ. ಮೊಬೈಲಿನ ಸೆಳೆತ ಸುಳ್ಳಲ್ಲ. ಆದರೆ ಬೀಗ ಹಾಕಿದ ಬೀರು ಮೊಬೈಲಿಗಿಂತ ಹಳೆಯದು. ಕನ್ನಡದಲ್ಲಿ ಮಕ್ಕಳ ಪುಸ್ತಕವೇ ಇಲ್ಲ ಎಂಬ ಇನ್ನೊಂದು ದೂರೂ ಪೂರ್ತಿ ನಿಜವಲ್ಲ. ಸಾಹಿತ್ಯ ಅಕಾಡೆಮಿ 2010ರಿಂದ ಮಕ್ಕಳ ಸಾಹಿತ್ಯಕ್ಕೆಂದೇ ಬಾಲ ಸಾಹಿತ್ಯ ಪುರಸ್ಕಾರ ಕೊಡುತ್ತಿದೆ. ಮೊದಲ ವರ್ಷ ಕನ್ನಡಕ್ಕೆ ಅದನ್ನು ತಂದವರು ಬೊಳುವಾರು ಮಹಮದ್ ಕುಂಞಿ, ಗಾಂಧೀಜಿಯ ಬದುಕನ್ನು ಮಕ್ಕಳಿಗಾಗಿ ಹೇಳಿದ ಪುಸ್ತಕಕ್ಕೆ. ಆಮೇಲೆ ಬಂದ ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’, ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’, ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’, ಕೃಷ್ಣಮೂರ್ತಿ ಬಿಳಿಗೆರೆಯವರ ‘ಛೂಮಂತ್ರಯ್ಯನ ಕಥೆಗಳು’ ಎಷ್ಟು ಮಕ್ಕಳ ಕೈ ಸೇರಿವೆ? ಇವನ್ನು ಓದಿದ ಶಿಕ್ಷಕರು ನಿಮ್ಮ ತಾಲ್ಲೂಕಿನಲ್ಲಿ ಎಷ್ಟು ಜನ ಇದ್ದಾರೆ? ಎರಡನೆಯ ಪ್ರಶ್ನೆಯೇ ನನಗೆ ಮುಖ್ಯ. ಪುಸ್ತಕಕ್ಕೂ ಮಗುವಿಗೂ ನಡುವೆ, ಆ ಪುಸ್ತಕವನ್ನು ತಾನೇ ಓದಿ ಇಷ್ಟಪಟ್ಟ ಒಬ್ಬ ಮನುಷ್ಯ ಇರಬೇಕು. ಆ ಮನುಷ್ಯ ಇಲ್ಲದಿದ್ದರೆ ಪ್ರಶಸ್ತಿ ಬಂದರೂ, ಅನುದಾನ ಬಂದರೂ ಪುಸ್ತಕ ಬೀರುವಿನಲ್ಲೇ ಉಳಿಯುತ್ತದೆ.

ಕನ್ನಡದಲ್ಲಿ ಮಕ್ಕಳ ಸಾಹಿತ್ಯ ಹುಟ್ಟಿದ್ದೇ ಇಂಥ ನಡುವಿನ ಮನುಷ್ಯರಿಂದ. ಪಂಜೆ ಮಂಗೇಶರಾಯರು ಮೇಷ್ಟ್ರಾಗಿದ್ದವರು, ಶಾಲಾ ಇನ್‌ಸ್ಪೆಕ್ಟರ್ ಆಗಿ ದಕ್ಷಿಣ ಕನ್ನಡದ ಶಾಲೆಗಳನ್ನು ಸುತ್ತಿದವರು. ಮಕ್ಕಳ ಬಾಯಲ್ಲಿ ಯಾವ ಪದ ಹೊರಳುತ್ತದೆ, ಯಾವ ಸಾಲಿಗೆ ಕಣ್ಣರಳುತ್ತದೆ ಎಂಬುದು ಅವರಿಗೆ ತರಗತಿಯಲ್ಲೇ ಗೊತ್ತಾಗುತ್ತಿತ್ತು. ಮಂಗಳೂರಿನಲ್ಲಿ 1921ರಲ್ಲಿ ಬಾಲ ಸಾಹಿತ್ಯ ಮಂಡಲ ಕಟ್ಟಿದ್ದೂ ಅವರೇ. ಜಿ.ಪಿ. ರಾಜರತ್ನಂ ಅವರದೂ ಹೆಚ್ಚುಕಡಿಮೆ ಇದೇ ಕಥೆ. ಎಂ.ಎ. ಮುಗಿಸಿ ಶಿಶುವಿಹಾರದಲ್ಲಿ ಪಾಠ ಹೇಳುತ್ತಿದ್ದಾಗ ಪಠ್ಯದಲ್ಲಿದ್ದ ಪದ್ಯಗಳು ಮಕ್ಕಳಿಗೆ ಹಿಡಿಸುವುದಿಲ್ಲ ಎಂದು ಕಂಡುಕೊಂಡು ತಾವೇ ಬರೆಯಲು ಕೂತರು. ‘ತುತ್ತೂರಿ’ ಬಂದದ್ದು ಹಾಗೆ. ಈ ಇಬ್ಬರ ಪದ್ಯಗಳನ್ನು ನಮ್ಮ ಅಜ್ಜಿ ತಾತಂದಿರು ಪುಸ್ತಕ ಕೊಂಡು ಕಲಿತದ್ದಲ್ಲ. ಮೇಷ್ಟ್ರು ಹಾಡಿದರು, ಮಕ್ಕಳು ಮನೆಗೆ ಒಯ್ದರು, ತಮ್ಮ ತಂಗಿಯರಿಗೆ ಕಲಿಸಿದರು. ಬೊಳುವಾರರೇ ಮುಂದೆ ‘ತಟ್ಟು ಚಪ್ಪಾಳೆ ಪುಟ್ಟ ಮಗು’ ಎಂಬ ಸಂಕಲನದಲ್ಲಿ ಕನ್ನಡದ ಶಿಶುಗೀತೆಗಳನ್ನು ಒಟ್ಟುಮಾಡಿ ಕೊಟ್ಟಾಗ, ಬಹಳಷ್ಟು ತಾಯಂದಿರಿಗೆ ತಾವು ಬಾಯಿಪಾಠ ಹಾಡುತ್ತಿದ್ದ ಪದ್ಯಗಳು ಅಚ್ಚಿನಲ್ಲಿ ಸಿಕ್ಕವು.

ಇನ್ನೂ ಹಿಂದಕ್ಕೆ ಹೋದರೆ ಗಮಕ ಇದೆ. ಕುಮಾರವ್ಯಾಸ ಭಾರತವನ್ನಾಗಲಿ ಜೈಮಿನಿ ಭಾರತವನ್ನಾಗಲಿ ಊರಿನ ಜನ ಒಬ್ಬೊಬ್ಬರೇ ಮೂಲೆಯಲ್ಲಿ ಕೂತು ಓದಿಕೊಂಡವರಲ್ಲ. ದೇವಸ್ಥಾನದ ಜಗಲಿಯಲ್ಲಿ ಒಬ್ಬರು ರಾಗವಾಗಿ ವಾಚಿಸಿದರು, ಇನ್ನೊಬ್ಬರು ಅರ್ಥ ಬಿಡಿಸಿ ಹೇಳಿದರು. ಅಕ್ಷರ ಬಾರದವರಿಗೂ ಕಾವ್ಯ ದಕ್ಕಿತು. ಇಷ್ಟು ದೊಡ್ಡ ಪದ್ಧತಿ ನಮ್ಮಲ್ಲಿದ್ದರೂ ಮಗುವಿನ ಕೈಗೆ ಪುಸ್ತಕ ಕೊಟ್ಟು ‘ಹೋಗಿ ಓದ್ಕೋ’ ಅನ್ನುತ್ತೇವೆ. ಗಟ್ಟಿಯಾಗಿ ಓದಿ ಕೇಳಿಸುವುದು ಈಗ ಕಥೋತ್ಸವದ ದಿನ ವೇದಿಕೆಯ ಮೇಲೆ ನಡೆಯುವ ಕಾರ್ಯಕ್ರಮವಾಗಿದೆ. ಅದು ದಿನದ ಅಭ್ಯಾಸವಾಗಬೇಕು.

ದೊಡ್ಡವರು ಆರಿಸಿಕೊಡದೆ ಮಗು ತಾನೇ ಪುಸ್ತಕ ಹುಡುಕಿಕೊಂಡ ಕಾಲವೂ ಕನ್ನಡದಲ್ಲಿತ್ತು. ಅದು ಹೇಗೆ ಸಾಧ್ಯವಾಯಿತು ಎಂದು ನೋಡಬೇಕು. ‘ಚಂದಮಾಮ’ ಕನ್ನಡಕ್ಕೆ ಬಂದದ್ದು 1949ರಲ್ಲಿ. ಬಸ್ ನಿಲ್ದಾಣದ ಅಂಗಡಿಯಲ್ಲಿ, ರೈಲ್ವೆ ಪ್ಲಾಟ್‌ಫಾರಮ್ಮಿನಲ್ಲಿ ದಾರಕ್ಕೆ ತೂಗುಹಾಕಿರುತ್ತಿತ್ತು. ಮಗು ಹೇಗೂ ಹೋಗುವ ಜಾಗದಲ್ಲಿ, ಕಣ್ಣಿಗೆ ಬೀಳುವ ಎತ್ತರದಲ್ಲಿ, ತಪ್ಪದೆ ತಿಂಗಳಿಗೊಮ್ಮೆ. ಊರಿಂದ ಊರಿಗೆ ಹೊರಟಾಗ ಬಸ್ಸು ಬಿಡುವ ಮುಂಚೆ ಅಪ್ಪನನ್ನು ಪೀಡಿಸಿ ಕೊಡಿಸಿಕೊಳ್ಳಬಹುದಾಗಿತ್ತು. ಆಮೇಲೆ ರಾಷ್ಟ್ರೋತ್ಥಾನ ಪರಿಷತ್ತಿನಿಂದ ಎಲ್.ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ ಭಾರತ ಭಾರತಿ ಪುಸ್ತಕ ಸಂಪದ ಬಂತು. ಅಂಗೈಯಗಲದ ಪುಸ್ತಕಗಳು, ಐನೂರಕ್ಕೂ ಹೆಚ್ಚು. ಮಗುವಿನ ಕೈಖರ್ಚಿಗೆ ನಿಲುಕುವ ಬೆಲೆ. ಶಾಲೆಗಳಲ್ಲಿ ಓಟದ ಸ್ಪರ್ಧೆಗೂ ಭಾಷಣ ಸ್ಪರ್ಧೆಗೂ ಬಹುಮಾನವಾಗಿ ಅವನ್ನೇ ಕೊಡುತ್ತಿದ್ದರು. ಅವುಗಳಲ್ಲಿದ್ದದ್ದು ಮಹಾಪುರುಷರ ಚರಿತ್ರೆ, ಹೆಚ್ಚುಕಡಿಮೆ ಎಲ್ಲವೂ ಆದರ್ಶದ ಕಥೆ. ಎಲ್ಲ ಮಕ್ಕಳಿಗೂ ಅದೊಂದೇ ಸಾಲದು ಎಂಬುದು ನನ್ನ ಅಭಿಪ್ರಾಯ. ಆದರೂ ಪುಸ್ತಕದ ಗಾತ್ರ, ಬೆಲೆ, ಅದು ಸಿಗುವ ಜಾಗ ಈ ಮೂರನ್ನೂ ಓದುಗನ ಕಡೆಯಿಂದ ಯೋಚಿಸಿದವರು ಅವರು. ಇವತ್ತು ಕನ್ನಡದ ಒಳ್ಳೆಯ ಮಕ್ಕಳ ಪುಸ್ತಕ ಬೇಕೆಂದರೆ ದೊಡ್ಡ ಊರಿನ ಪುಸ್ತಕದಂಗಡಿಗೆ ಹೋಗಬೇಕು, ಇಲ್ಲವೇ ಹೆಸರು ಮೊದಲೇ ಗೊತ್ತಿದ್ದು ಆನ್‌ಲೈನಿನಲ್ಲಿ ತರಿಸಬೇಕು. ಹತ್ತು ವರ್ಷದ ಮಗುವಿಗೆ ಎರಡೂ ಆಗುವುದಿಲ್ಲ.

ಪ್ರಕಾಶಕರ ಕಷ್ಟವನ್ನೂ ಹೇಳಬೇಕು. ಕನ್ನಡದಲ್ಲಿ ಪುಸ್ತಕದ ದೊಡ್ಡ ಗಿರಾಕಿ ಸಾರ್ವಜನಿಕ ಗ್ರಂಥಾಲಯ ಇಲಾಖೆ. ಸಗಟು ಖರೀದಿಯನ್ನು ನೆಚ್ಚಿಕೊಂಡೇ ಸಾವಿರ ಪ್ರತಿ ಅಚ್ಚುಹಾಕುವವರು ಬಹಳ ಮಂದಿ. ಪುಟದ ಲೆಕ್ಕದಲ್ಲಿ ಬೆಲೆ ಕಟ್ಟುವ ಪದ್ಧತಿ ಕಾದಂಬರಿಗೆ, ವಿಮರ್ಶೆಗೆ ಹೇಗೋ ಹೊಂದುತ್ತದೆ. ಐದು ವರ್ಷದ ಮಗುವಿಗೆ ಮಾಡಿದ ಹದಿನಾರು ಪುಟದ ಚಿತ್ರಪುಸ್ತಕಕ್ಕೆ ಹೊಂದುವುದಿಲ್ಲ. ಅಲ್ಲಿ ಒಂದೊಂದು ಪುಟಕ್ಕೂ ಕಲಾವಿದರ ಕೆಲಸವಿದೆ, ನಾಲ್ಕು ಬಣ್ಣದ ಅಚ್ಚಿದೆ, ದಪ್ಪ ಕಾಗದವಿದೆ, ಮಾತು ಮಾತ್ರ ಎರಡೇ ಸಾಲು. ಪುಟ ಎಣಿಸುವ ಕಣ್ಣಿಗೆ ಅದು ತೆಳು ಪುಸ್ತಕ. ಹಾಗಾಗಿ ಚಿತ್ರ ಕಡಿಮೆ ಮಾಡಿ, ಕಪ್ಪು ಬಿಳುಪಿನಲ್ಲಿ, ಸಣ್ಣ ಅಕ್ಷರದಲ್ಲಿ ಹೆಚ್ಚು ಪುಟ ತುಂಬಿಸುವವರಿದ್ದಾರೆ. ಅಂಥ ಪುಸ್ತಕವನ್ನು ಮಗು ತೆರೆದು ಹಾಗೇ ಮುಚ್ಚಿಡುತ್ತದೆ, ನಾವು ಓದುವ ಹವ್ಯಾಸ ಹೋಯಿತು ಅನ್ನುತ್ತೇವೆ. ಬೆಂಗಳೂರಿನಲ್ಲಿ 2004ರಲ್ಲಿ ಶುರುವಾದ ಪ್ರಥಮ್ ಬುಕ್ಸ್ ಈ ಲೆಕ್ಕವನ್ನು ಬೇರೆ ರೀತಿ ಮಾಡಿತು. ಒಂದೇ ಚಿತ್ರಗಳನ್ನು ಇಟ್ಟುಕೊಂಡು ಹಲವು ಭಾಷೆಗಳಲ್ಲಿ ಅಚ್ಚುಹಾಕಿದರೆ ಚಿತ್ರದ ಖರ್ಚು ಹಂಚಿಹೋಗುತ್ತದೆ, ಬೆಲೆ ಇಳಿಯುತ್ತದೆ. 2015ರಲ್ಲಿ ಅವರು ಶುರುಮಾಡಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಕಥೆಗಳನ್ನು ಯಾರು ಬೇಕಾದರೂ ಬಿಟ್ಟಿಯಾಗಿ ಓದಬಹುದು, ಇಳಿಸಿಕೊಳ್ಳಬಹುದು, ಮುದ್ರಿಸಿಕೊಳ್ಳಬಹುದು. ಹಳ್ಳಿಯ ಶಿಕ್ಷಕಿಯೊಬ್ಬರು ತಮ್ಮ ಮೊಬೈಲಿನಿಂದಲೇ ಇಡೀ ತರಗತಿಗೆ ಕಥೆ ಹೇಳಬಹುದು. ಬೇಡ ಅನ್ನಿಸಿಕೊಂಡ ಆ ಮೊಬೈಲು ಇಲ್ಲಿ ನಿಜವಾಗಿ ಕೆಲಸಕ್ಕೆ ಬರುತ್ತದೆ.

ಸ್ಟೋರಿವೀವರ್ ತಾಣದಲ್ಲಿ ಕಥೆಗಳನ್ನು ನಾಲ್ಕು ಹಂತಗಳಾಗಿ ವಿಂಗಡಿಸಿಟ್ಟಿದ್ದಾರೆ. ಹಿಪೊಕ್ಯಾಂಪಸ್ ಸಂಸ್ಥೆ ಸರ್ಕಾರಿ ಶಾಲೆಗಳಿಗೆ ಕೊಡುವ ಗ್ರಂಥಾಲಯದಲ್ಲಿ ಆರು ಬಣ್ಣದ ಪಟ್ಟಿಗಳಿವೆ, ಹಸಿರಿನಿಂದ ಶುರುವಾಗಿ ಹಳದಿಗೆ ಮುಗಿಯುತ್ತವೆ. ಮಗು ತನ್ನ ಬಣ್ಣ ತಿಳಿದುಕೊಂಡು ಆ ಕಪಾಟಿಗೆ ಹೋಗುತ್ತದೆ. ಈ ವಿಂಗಡಣೆ ಯಾಕೆ ಬೇಕು ಎಂಬುದಕ್ಕೆ ಹಳ್ಳಿ ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ಸಮೀಕ್ಷೆ ಉತ್ತರ ಕೊಡುತ್ತದೆ. ಕರ್ನಾಟಕದ ಹಳ್ಳಿಗಳಲ್ಲಿ ಐದನೇ ತರಗತಿಯ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಎರಡನೇ ತರಗತಿಯ ಪಾಠವನ್ನು ಸಲೀಸಾಗಿ ಓದಲು ಬರುವುದಿಲ್ಲ ಎಂದು ಅದು ವರ್ಷಗಳಿಂದ ಹೇಳುತ್ತ ಬಂದಿದೆ. ಕನ್ನಡದ ಎಳೆಯ ಓದುಗರಿಗೆ ಒತ್ತಕ್ಷರವೇ ಮೊದಲ ಎಡವುಗಲ್ಲು. ಕಾಗುಣಿತ ದಾಟಿದ ಮಗು ಒಂದೇ ಸಾಲಿನಲ್ಲಿ ನಾಲ್ಕು ಒತ್ತಕ್ಷರ, ಸಂಧಿಯಾಗಿ ಉದ್ದವಾದ ಎರಡು ಪದ ಕಂಡರೆ ನಿಂತುಬಿಡುತ್ತದೆ. ಮನೆಯಲ್ಲಿ ತುಳುವೋ ಉರ್ದುವೋ ಲಂಬಾಣಿಯೋ ಆಡುವ ಮಗುವಿಗೆ ಗ್ರಾಂಥಿಕ ಕನ್ನಡ ಇನ್ನೂ ದೂರ. ಮಕ್ಕಳಿಗೆ ಬರೆಯುವವರು ತಮ್ಮ ಹಸ್ತಪ್ರತಿಯನ್ನು ಒಂದು ಮಗುವಿನ ಬಾಯಲ್ಲಿ ಗಟ್ಟಿಯಾಗಿ ಓದಿಸಿ ಕೇಳಬೇಕು. ಮಗು ತಡವರಿಸಿದ ಕಡೆಯೆಲ್ಲ ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಂಡರೆ ಸಾಕು, ಯಾವ ಸಂಪಾದಕರೂ ಇಷ್ಟು ನಿಖರವಾಗಿ ತಿದ್ದಿಕೊಡಲಾರರು.

ಇದಕ್ಕಿಂತ ಕಷ್ಟದ ಇನ್ನೊಂದು ಸಂಗತಿ ಇದೆ. ಬೆಂಗಳೂರಿನ ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಹನ್ನೆರಡು ವರ್ಷದ ಹುಡುಗಿಗೆ ಕನ್ನಡ ಓದಲು ಬರುವುದು ಎರಡನೇ ತರಗತಿಯ ಮಟ್ಟಿಗೆ, ಮನಸ್ಸು ಹನ್ನೆರಡರದು. ಕ್ಯಾಲಿಫೋರ್ನಿಯಾದಲ್ಲಿ ಭಾನುವಾರದ ಕನ್ನಡ ತರಗತಿಗೆ ಹೋಗುವ ಹುಡುಗನ ಸ್ಥಿತಿಯೂ ಇದೇ. ಅವರ ಕೈಗೆ ಕಾಗಕ್ಕ ಗುಬ್ಬಕ್ಕನ ಪುಸ್ತಕ ಕೊಟ್ಟರೆ ಅವಮಾನ ಅನ್ನಿಸುತ್ತದೆ, ಕುವೆಂಪು ಕೊಟ್ಟರೆ ಓದಲಾಗುವುದಿಲ್ಲ. ಸರಳ ವಾಕ್ಯದಲ್ಲಿ, ದೊಡ್ಡ ಅಕ್ಷರದಲ್ಲಿ, ಹನ್ನೆರಡರ ತಲೆಗೆ ತಕ್ಕ ರಹಸ್ಯ, ಸ್ನೇಹ, ಜಗಳ, ಭಯ ಇರುವ ಪುಸ್ತಕ ಬೇಕು. ಕನ್ನಡದಲ್ಲಿ ಈ ಕಪಾಟು ಹೆಚ್ಚುಕಡಿಮೆ ಖಾಲಿ. ಅದನ್ನು ತುಂಬುವುದು ಮಕ್ಕಳ ಸಾಹಿತ್ಯದ ಈಗಿನ ಅತಿ ತುರ್ತಿನ ಕೆಲಸ ಎಂದು ನಾನು ನಂಬಿದ್ದೇನೆ.

ಹದಿಹರೆಯದವರ ವಿಷಯಕ್ಕೆ ಬಂದರೆ ನಮ್ಮಲ್ಲಿ ಅವರಿಗೆಂದು ಪ್ರತ್ಯೇಕ ಸಾಹಿತ್ಯವನ್ನು ಯಾರೂ ಯೋಜನೆ ಹಾಕಿ ಕಟ್ಟಲಿಲ್ಲ. ಆದರೂ ಹದಿನೈದರ ಹುಡುಗ ಹುಡುಗಿಯರು ತಮ್ಮ ಲೇಖಕರನ್ನು ತಾವೇ ಹುಡುಕಿಕೊಂಡರು. ಹಿಂದೆ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಇದ್ದ. ಸ್ವತಃ ಹೆಚ್ಚು ಓದಲು ಅವಕಾಶ ಸಿಗದ ಆ ಲೇಖಕರು ನೂರಾರು ಕಾದಂಬರಿ ಬರೆದು ಲಕ್ಷಾಂತರ ಜನಕ್ಕೆ ಕನ್ನಡ ಓದುವ ರೂಢಿ ಹತ್ತಿಸಿದರು. ಹುಡುಗಿಯರು ತ್ರಿವೇಣಿಯವರನ್ನು ಓದಿದರು. ಆಮೇಲೆ ಬಂದವರು ಪೂರ್ಣಚಂದ್ರ ತೇಜಸ್ವಿ. 1980ರಲ್ಲಿ ಬಂದ ‘ಕರ್ವಾಲೊ’ವನ್ನು ತೇಜಸ್ವಿ ಮಕ್ಕಳಿಗೆಂದು ಬರೆದವರಲ್ಲ. ಆದರೂ ಇವತ್ತಿಗೂ ಕನ್ನಡದ ಹದಿನಾಲ್ಕು ಹದಿನೈದರ ಓದುಗರು ಮೊದಲು ಕೈಗೆತ್ತಿಕೊಳ್ಳುವ ದೊಡ್ಡ ಪುಸ್ತಕ ಅದೇ. ಯಾಕೆ ಎಂದು ಯೋಚಿಸಿದರೆ ನಮಗೊಂದು ದಾರಿ ಕಾಣುತ್ತದೆ. ಆ ಕಾದಂಬರಿಯಲ್ಲಿ ಬುದ್ಧಿ ಹೇಳುವ ಹಿರಿಯರಿಲ್ಲ. ಕಥೆ ಹೇಳುವವನೇ ಗೊಂದಲದಲ್ಲಿದ್ದಾನೆ. ಊರವರ ಕಣ್ಣಿಗೆ ಕೆಲಸಕ್ಕೆ ಬಾರದವನಂತೆ ಕಾಣುವ ಮಂದಣ್ಣನಲ್ಲಿ ವಿಜ್ಞಾನಿ ಕರ್ವಾಲೊ ಒಬ್ಬ ನಿಸರ್ಗಶಾಸ್ತ್ರಜ್ಞನನ್ನು ಕಾಣುತ್ತಾರೆ. ಪರೀಕ್ಷೆಯಲ್ಲಿ ಹಿಂದೆ ಬಿದ್ದ ಹುಡುಗನಿಗೆ ಇದಕ್ಕಿಂತ ದೊಡ್ಡ ಆಸರೆ ಯಾವುದು? ಕೊನೆಗೆ ಎಲ್ಲರೂ ಕಾಡಿಗೆ ಹೋಗುವುದು ಒಂದು ಹಾರುವ ಓತಿಯನ್ನು ನೋಡಲು. ‘ಪರಿಸರದ ಕತೆ’, ಕೆನೆತ್ ಆಂಡರ್ಸನ್ನನ ಶಿಕಾರಿ ಅನುಭವಗಳನ್ನು ಕನ್ನಡಿಸಿದ ‘ಕಾಡಿನ ಕತೆಗಳು’, ಪ್ರದೀಪ ಕೆಂಜಿಗೆಯವರ ಜೊತೆ ಸೇರಿ ತಂದ ‘ಪ್ಯಾಪಿಲಾನ್’, ಲೋಕದ ಕೌತುಕಗಳನ್ನೆಲ್ಲ ಹೇಳುವ ಮಿಲೆನಿಯಮ್ ಸರಣಿ ಎಲ್ಲದರಲ್ಲೂ ತೇಜಸ್ವಿ ಓದುಗನನ್ನು ತಮ್ಮ ಸರಿಸಮನಾಗಿ ಕಂಡರು. ಹದಿಹರೆಯದವರಿಗೆ ಬೇಕಾದದ್ದು ಆ ಗೌರವ.

ನಾವು ಅವರಿಗೆ ಕೊಡಲು ಹಿಂಜರಿಯುವ ಪುಸ್ತಕಗಳೂ ಇವೆ. ಮೈ ಬದಲಾಗುವ ಕಾಲದ ಗಾಬರಿ, ಮೊದಲ ಪ್ರೀತಿ, ಜಾತಿಯ ಕಾರಣಕ್ಕೆ ಹಾಸ್ಟೆಲಿನಲ್ಲಿ ಆದ ಅವಮಾನ, ಅಪ್ಪನ ಕುಡಿತ, ಫೇಲಾದ ದಿನದ ರಾತ್ರಿ. ಇವೆಲ್ಲ ಅವರ ಬದುಕಿನಲ್ಲಿ ದಿನವೂ ಇವೆ, ಅವರಿಗೆಂದು ನಾವು ಆರಿಸುವ ಪುಸ್ತಕದಲ್ಲಿ ಇರುವುದಿಲ್ಲ. ಇದ್ದರೂ ಶಾಲೆಯ ಗ್ರಂಥಾಲಯಕ್ಕೆ ಬರುವ ಮುಂಚೆ ಯಾರೋ ಒಬ್ಬರು ‘ಇದು ಮಕ್ಕಳಿಗೆ ಬೇಡ’ ಎಂದು ಪಕ್ಕಕ್ಕೆ ಇಡುತ್ತಾರೆ. ಆ ವಯಸ್ಸಿನ ಹುಡುಗಿಗೆ ಇವಕ್ಕೆಲ್ಲ ಉತ್ತರ ಬೇಕಾಗಿರುವುದಂತೂ ನಿಜ. ಪುಸ್ತಕದಲ್ಲಿ ಸಿಗದಿದ್ದರೆ ಅವಳು ಬೇರೆ ಕಡೆ ಹುಡುಕುತ್ತಾಳೆ. ಅಲ್ಲಿ ಸಿಗುವ ಉತ್ತರ ಬರೆದವರಿಗೆ ಅವಳ ಮೇಲೆ ಕಾಳಜಿ ಇರುತ್ತದೆಂದು ಹೇಳಲಾಗದು.

ಸಣ್ಣ ಮಕ್ಕಳಿಗೂ ಹದಿಹರೆಯದವರಿಗೂ ಇನ್ನೊಂದು ವ್ಯತ್ಯಾಸವಿದೆ. ಆರು ವರ್ಷದ ಮಗು ಟೀಚರ್ ತೋರಿಸಿದ ಪುಸ್ತಕವನ್ನು ಆಸೆಪಟ್ಟು ಕೇಳುತ್ತದೆ. ಹದಿನೈದರ ಹುಡುಗ ಟೀಚರ್ ಹೇಳಿದರು ಎಂಬ ಕಾರಣಕ್ಕೇ ಅದನ್ನು ಮುಟ್ಟದಿರಬಹುದು. ಅವನಿಗೆ ನಡುವಿನ ಮನುಷ್ಯ ಎಂದರೆ ಗೆಳೆಯ, ಅಕ್ಕ, ಒಂದು ವರ್ಷ ದೊಡ್ಡ ಸೀನಿಯರ್. ಬೆಂಗಳೂರು ಮೈಸೂರಿನ ಬಡಾವಣೆಗಳಲ್ಲಿ ಸರ್ಕ್ಯುಲೇಟಿಂಗ್ ಲೈಬ್ರರಿಗಳು ಇದ್ದ ಕಾಲದಲ್ಲಿ ಕಾದಂಬರಿಯ ಕೊನೆಯ ಪುಟದಲ್ಲಿ ಓದಿದವರು ತಮ್ಮ ತೀರ್ಪು ಬರೆದಿಡುತ್ತಿದ್ದರು. ಚೆನ್ನಾಗಿದೆ, ಪರವಾಗಿಲ್ಲ, ಅಳು ಬಂತು, ದುಡ್ಡು ದಂಡ. ಮುಂದಿನವರು ಮೊದಲು ತೆರೆಯುತ್ತಿದ್ದದ್ದೇ ಆ ಪುಟ. ಪ್ರೌಢಶಾಲೆಯ ಗ್ರಂಥಾಲಯದಲ್ಲಿ ಪ್ರತಿ ಪುಸ್ತಕದ ಹಿಂದೆ ಒಂದು ಬಿಳಿ ಕಾಗದ ಅಂಟಿಸಿ ಓದಿದವರು ಬರೆಯಲಿ ಎಂದು ಬಿಡಬಹುದು. ಹೊಗಳಲೇಬೇಕೆಂಬ ನಿಯಮ ಬೇಡ. ಮೆಚ್ಚದಿರುವ ಹಕ್ಕು ಸಿಕ್ಕಿದ ದಿನ ಓದು ಅವರ ಸ್ವಂತದ್ದಾಗುತ್ತದೆ.

ಗ್ರಂಥಾಲಯ ವಿಜ್ಞಾನದ ಎಸ್.ಆರ್. ರಂಗನಾಥನ್ ತಮ್ಮ ಬದುಕಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದವರು, 1962ರಲ್ಲಿ ಇಲ್ಲಿಯೇ ದಾಖಲೀಕರಣದ ಸಂಶೋಧನಾ ಕೇಂದ್ರವನ್ನು ಕಟ್ಟಿದವರು. 1931ರಲ್ಲಿ ಅವರು ಮಂಡಿಸಿದ ಐದು ಸೂತ್ರಗಳಲ್ಲಿ ಎರಡು ಈ ವಿಷಯದ ಮೇಲೇ ಇವೆ. ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು. ಎರಡನೆಯದನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ಪುಸ್ತಕದ ಪರವಾಗಿ ಓದುಗನನ್ನು ಹುಡುಕಿಕೊಂಡು ಹೋಗುವುದು ಗ್ರಂಥಪಾಲಕರ ಕೆಲಸ ಎಂದು ಅವರು ತಿಳಿದಿದ್ದರು. ಅದೇ ವರ್ಷ ತಮಿಳುನಾಡಿನ ಮನ್ನಾರ್ಗುಡಿಯ ಸುತ್ತಿನ ಹಳ್ಳಿಗಳಿಗೆ ಎತ್ತಿನ ಗಾಡಿಯಲ್ಲಿ ಪುಸ್ತಕ ಹೊರಟಾಗ ಅದಕ್ಕೆ ಚಾಲನೆ ಕೊಟ್ಟವರೂ ಅವರೇ. ನಮ್ಮಲ್ಲಿ ಕಾದಂಬರಿಕಾರ ಗಳಗನಾಥರು ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದ್ದೂ ಅದೇ ತಿಳಿವಳಿಕೆಯಿಂದ.

ಕರ್ನಾಟಕದಲ್ಲಿ ಈಗ ಇದಕ್ಕೊಂದು ಒಳ್ಳೆಯ ನೆಲೆ ಸಿದ್ಧವಾಗಿದೆ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದವು. ಮರುವರ್ಷ, ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದಾಗ, ನವೆಂಬರ್ 14ರಂದು ‘ಓದುವ ಬೆಳಕು’ ಕಾರ್ಯಕ್ರಮ ಶುರುವಾಯಿತು. 6ರಿಂದ 18 ವರ್ಷದ ಮಕ್ಕಳಿಗೆ ಗ್ರಂಥಾಲಯದ ಸದಸ್ಯತ್ವ ಉಚಿತ. ಅಲ್ಲಿಯವರೆಗೆ ಪಂಚಾಯಿತಿ ಗ್ರಂಥಾಲಯ ಎಂದರೆ ಊರಿನ ಗಂಡಸರು ಬೆಳಿಗ್ಗೆ ಪೇಪರ್ ಓದುವ ಜಾಗವಾಗಿತ್ತು. ಈಗ ‘ಅರಿವು ಕೇಂದ್ರ’ ಎಂಬ ಹೆಸರಿನಲ್ಲಿ ಎಷ್ಟೋ ಕಡೆ ಗೋಡೆಗೆ ಬಣ್ಣ ಬಂದಿದೆ, ಕೆಳಗೆ ಚಾಪೆ ಬಂದಿದೆ, ಮಕ್ಕಳ ಕೈಗೆ ಎಟಕುವ ಎತ್ತರದಲ್ಲಿ ಕಪಾಟು ಬಂದಿದೆ. ರಾಜ್ಯದಲ್ಲಿ ಇಂಥ ಗ್ರಂಥಾಲಯಗಳು ಐದು ಸಾವಿರಕ್ಕೂ ಹೆಚ್ಚಿವೆ. ಸಂಜೆ ಶಾಲೆ ಬಿಟ್ಟ ಮೇಲೆ ಹಳ್ಳಿಯ ಹುಡುಗಿಯೊಬ್ಬಳು ಯಾರ ಅಪ್ಪಣೆಯೂ ಬೇಡದೆ ಹೋಗಿ ಕೂರಬಹುದಾದ ಜಾಗ ಊರಲ್ಲಿ ಇನ್ನೊಂದು ಎಲ್ಲಿದೆ? ಇದನ್ನು ಮಾಡಿದವರಿಗೆ ನಾನು ಮನಸಾರೆ ಕೃತಜ್ಞ.

ಇನ್ನು ಖರ್ಚು ಮಾಡಬೇಕಾದದ್ದು ಅಲ್ಲಿ ಕೂತಿರುವ ಮೇಲ್ವಿಚಾರಕರ ಮೇಲೆ. ಅವರಿಗೆ ಕೊಡುವ ತರಬೇತಿಯಲ್ಲಿ ನೋಂದಣಿ, ಕಂಪ್ಯೂಟರ್, ವರದಿಗಳ ಜೊತೆ ಪುಸ್ತಕ ಓದುವ ದಿನಗಳೂ ಇರಬೇಕು. ನಲವತ್ತು ಐವತ್ತು ಒಳ್ಳೆಯ ಮಕ್ಕಳ ಪುಸ್ತಕಗಳನ್ನು ಅವರ ಮುಂದೆ ಹರಡಿ, ಓದಿ, ಯಾವುದು ಯಾವ ಮಗುವಿಗೆ ಎಂದು ತಮ್ಮತಮ್ಮಲ್ಲೇ ವಾದ ಮಾಡಲು ಬಿಡಬೇಕು. ಕಥೆಯನ್ನು ಗಟ್ಟಿಯಾಗಿ ಓದುವುದನ್ನು ಅಲ್ಲಿಯೇ ಅಭ್ಯಾಸ ಮಾಡಿಸಬೇಕು. ಸ್ವಾರಸ್ಯ ಏರುವ ಪುಟದಲ್ಲಿ ನಿಲ್ಲಿಸಿ ಪುಸ್ತಕವನ್ನು ಮೇಜಿನ ಮೇಲೆ ತೆರೆದಿಟ್ಟು ಹೋದರೆ, ಮುಂದೇನಾಯಿತು ಎಂದು ನೋಡಲು ಒಬ್ಬರಾದರೂ ಬಂದೇ ಬರುತ್ತಾರೆ. ಕಥೆ ಮುಗಿದ ಮೇಲೆ ‘ಇದರಿಂದ ಏನು ನೀತಿ ಕಲಿತೆ?’ ಎಂದು ಕೇಳುವುದನ್ನು ಪೂರ್ತಿಯಾಗಿ ಬಿಡಿಸಬೇಕು, ಶಾಲೆಗಳಲ್ಲೂ. ಆ ಪ್ರಶ್ನೆ ಬಂದ ಕೂಡಲೇ ಕಥೆ ಪಾಠವಾಗುತ್ತದೆ, ಮಗು ಉತ್ತರ ಒಪ್ಪಿಸಲು ನಿಲ್ಲುತ್ತದೆ. ಹಾಗೆಯೇ ಪ್ರತಿ ವರ್ಷ ಒಂದಿಷ್ಟು ಪುಸ್ತಕ ಹರಿಯುತ್ತವೆ, ಕಳೆಯುತ್ತವೆ ಎಂದು ಮೊದಲೇ ಒಪ್ಪಿಕೊಂಡು ಅವನ್ನು ವಹಿಯಿಂದ ತೆಗೆದುಹಾಕುವ ಅಧಿಕಾರವನ್ನು ಮುಖ್ಯ ಶಿಕ್ಷಕರಿಗೂ ಮೇಲ್ವಿಚಾರಕರಿಗೂ ಬರವಣಿಗೆಯಲ್ಲಿ ಕೊಡಬೇಕು. ಒಂದು ಸುತ್ತೋಲೆಯಿಂದ ಆಗುವ ಕೆಲಸ ಇದು, ಹೊಸ ಅನುದಾನವೂ ಬೇಕಿಲ್ಲ.